ಸತ್ಯವೇದವೆಂಬ ಹೆಸರು



ಈ ಉಪನ್ಯಾಸದ ದತ್ತಿ ಇಟ್ಟವರು ನನಗೆ ಹಾಕಿದ ಷರತ್ತು ಒಂದೇ. ನಿಮ್ಮದಲ್ಲದ ಧರ್ಮದ ಬಗ್ಗೆ ಮಾತಾಡಿ, ಆದರೆ ಆ ಧರ್ಮದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ ಅಂದುಕೊಂಡು ಮಾತಾಡಿ ಎಂದರು. ನಾನು ಲಿಂಗಾಯತರ ಮನೆಯಲ್ಲಿ ಹುಟ್ಟಿ, ಹೊಳಲ್ಕೆರೆಯಲ್ಲಿ ಓದಿ, ಹಿರಿಯೂರಿನಲ್ಲೂ ಹೊಸದುರ್ಗದಲ್ಲೂ ಕನ್ನಡ ಪಾಠ ಹೇಳಿದವನು. ದೇವಶಾಸ್ತ್ರ ನನ್ನ ಕಸುಬಲ್ಲ, ಶಬ್ದ ನನ್ನ ಕಸುಬು. ಆದ್ದರಿಂದ ಶಬ್ದದ ಬಾಗಿಲಿಂದಲೇ ಒಳಗೆ ಹೋಗುತ್ತೇನೆ.

2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಹೆಸರು ವಿಧಾನಸಭೆಯಲ್ಲಿ ಕೇಳಿಬಂತು, ಮತಾಂತರದ ಮಾತಿನ ನಡುವೆ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಮತಾಂತರ ತಡೆಯುವ ಮಸೂದೆಗೆ ವಿಧಾನಸಭೆಯ ಒಪ್ಪಿಗೆಯೂ ಸಿಕ್ಕಿತು. ಎಷ್ಟು ಮನೆ, ಕರೆದವರು ಯಾರು, ಕೊಟ್ಟದ್ದೇನು ಎಂದು ಊರೆಲ್ಲ ಕೇಳಿತು. ಕ್ರೈಸ್ತರು ನಂಬುವುದು ಏನನ್ನು ಎಂದು ಕೇಳಿದವರು ಮಾತ್ರ ನನಗೆ ಸಿಗಲಿಲ್ಲ. ನಾವು ಮೂರು ನಾಲ್ಕು ತಲೆಮಾರು ಪಕ್ಕಪಕ್ಕದಲ್ಲಿ ಬದುಕಿ, ಕ್ರಿಸ್‌ಮಸ್‌ನ ಕರಿಗಡುಬು ತಿಂದು, ಅವರ ಕಂಕುಳಲ್ಲಿರುವ ಹೊತ್ತಗೆಯನ್ನು ಒಮ್ಮೆಯೂ ಬಿಡಿಸಿ ನೋಡಿದವರಲ್ಲ. ಆ ಹೊತ್ತಗೆಯ ರಟ್ಟಿನ ಮೇಲೆ ‘ಸತ್ಯವೇದವು’ ಎಂದಿದೆ. ನನ್ನ ತಕರಾರು ಇರುವುದು ಆ ಹೆಸರಿನ ಮೇಲೆಯೇ.

ಮೊದಲು ವ್ಯಕ್ತಿಯ ವಿಚಾರ. ಯೇಸು ದೇವರೆಂದರೆ ನಮ್ಮ ಕಡೆ ಯಾರೂ ಜಗಳಕ್ಕೆ ಬರುವುದಿಲ್ಲ. ಬಸ್ಸಿನ ಡ್ರೈವರು ಇನ್ನೊಂದು ಫೋಟೊ ಅಂಟಿಸಿ, ಅದಕ್ಕೂ ಒಂದು ಎಳೆ ಹೂ ಹಾಕುತ್ತಾನೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಗೆ ಹೋಗಿ ನೋಡಿ. ಈ ಸೀಮೆಯಲ್ಲಿ ನಡೆದಾಡಿದ, ಕೆರೆ ಕಟ್ಟಿಸಿದರೆಂದು ಜನ ನೆನೆಯುವ ತಿಪ್ಪೇರುದ್ರಸ್ವಾಮಿ ಇವತ್ತು ತೇರಿನಲ್ಲಿ ಕೂರುವ ದೇವರು. ಅದಕ್ಕೆ ಯಾವ ಸಭೆಯ ಠರಾವೂ ಬೇಕಾಗಲಿಲ್ಲ. ಮನುಷ್ಯ ತನ್ನ ಕಾಯಕದಿಂದ, ತಪಸ್ಸಿನಿಂದ ಏರುತ್ತ ಏರುತ್ತ ದೇವರಾಗುವುದು ನಮಗೆ ಹೊಸದಲ್ಲ.

ಸೋಜಿಗವೆಂದರೆ ಈ ದಾರಿ ಕ್ರೈಸ್ತರಿಗೂ ತೆರೆದಿತ್ತು. ಅಲೆಕ್ಸಾಂಡ್ರಿಯಾದ ಆರಿಯಸ್ ಎಂಬ ಪಾದ್ರಿ ಹೇಳಿದ್ದು ಹೆಚ್ಚುಕಡಿಮೆ ಇಂಥದ್ದನ್ನೇ. ಮಗನು ಸೃಷ್ಟಿಯಲ್ಲೆಲ್ಲ ಮೊದಲನೆಯವನು, ಎಲ್ಲಕ್ಕಿಂತ ಮೇಲಿನವನು, ಪೂಜೆಗೆ ಯೋಗ್ಯ. ಆದರೂ ಸೃಷ್ಟಿಯಾದವನೇ, ಅವನಿಲ್ಲದ ಕಾಲವೊಂದಿತ್ತು. ಇದನ್ನು ತೀರ್ಮಾನಿಸಲು 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಈಗಿನ ಟರ್ಕಿಯಲ್ಲಿರುವ ನಿಸಿಯಾ ಊರಿನಲ್ಲಿ ಬಿಷಪ್ಪರ ಸಭೆ ಕರೆದ. ಸಭೆ ಆರಿಯಸ್ಸನ ಮಾತನ್ನು ತಳ್ಳಿಹಾಕಿತು. ಮಗನು ತಂದೆಯಂಥವನಲ್ಲ, ತಂದೆಯ ಸತ್ವವೇ ಅವನ ಸತ್ವ ಎಂದಿತು. ಗ್ರೀಕಿನಲ್ಲಿ ಅದಕ್ಕೆ ಬಳಸಿದ ಪದ ‘ಹೋಮೊಊಸಿಯೊಸ್’. ಆ ಪದ ಬೈಬಲಿನಲ್ಲೆಲ್ಲೂ ಇಲ್ಲ ಎನ್ನುವುದು ಆಗಲೇ ದೊಡ್ಡ ಆಕ್ಷೇಪವಾಗಿತ್ತು. ಅಂದರೆ, ಹೊತ್ತಗೆಯ ಅರ್ಥವನ್ನು ಕಾಪಾಡಲು ಹೊತ್ತಗೆಯಲ್ಲಿಲ್ಲದ ಪದವನ್ನು ಸಾಲ ತಂದರು. ಸಭೆಯೊಂದರಿಂದ ಜಗಳ ಮುಗಿಯಲೂ ಇಲ್ಲ. ನಿಸಿಯಾದ ಪರ ನಿಂತ ಅಥನೇಸಿಯಸ್ ಐದು ಸಲ ಗಡೀಪಾರಾದ. 451ರಲ್ಲಿ ಕ್ಯಾಲ್ಸಿಡನ್ ಸಭೆ ಇನ್ನೊಂದು ತುದಿಯನ್ನೂ ಬಿಗಿಮಾಡಿತು: ಪೂರ್ಣ ದೇವರು, ಪೂರ್ಣ ಮನುಷ್ಯ, ವ್ಯಕ್ತಿ ಒಬ್ಬನೇ.

ಹೀಗಾಗಿ ನಾಯಕನಹಟ್ಟಿಯ ದಾರಿ ಕೆಳಗಿನಿಂದ ಮೇಲಕ್ಕೆ, ನಿಸಿಯಾದ ದಾರಿ ಮೇಲಿನಿಂದ ಕೆಳಕ್ಕೆ. ‘ಅದೇ ಅವತಾರ ಅಲ್ಲವೇ ಸಾರ್’ ಎಂದು ಹಿಂದಿನ ಸಾಲಿನ ಹುಡುಗ ಕೇಳುತ್ತಾನೆ, ಕೇಳಲೇಬೇಕು. ಕನ್ನಡದ ಕ್ರೈಸ್ತ ಬೋಧಕರು ‘ನರಾವತಾರ’ ಎಂಬ ಪದವನ್ನು ಬಳಸಿದ್ದಾರೆ ಕೂಡ. ಆದರೆ ಅವತಾರ ಕೆಲಸ ಮುಗಿಸಿ ಹೋಗುತ್ತದೆ, ಧರ್ಮ ಸೊರಗಿದರೆ ಮತ್ತೆ ಬರುತ್ತದೆ. ಕ್ರೈಸ್ತರು ಹೇಳುವುದು ಒಂದೇ ಸಲ, ರೋಮಿನ ಅಧಿಕಾರಿ ಪಿಲಾತನ ಕಾಲದಲ್ಲಿ, ತಾರೀಖಿಗೆ ಸಿಗುವ ಹಾಗೆ. ತೊಟ್ಟ ಮನುಷ್ಯ ದೇಹವನ್ನು ಕಳಚಿ ಎಸೆಯಲಿಲ್ಲ ಎಂದೂ ಹೇಳುತ್ತಾರೆ. ನಮ್ಮ ಡ್ರೈವರಿಗೆ ಕಷ್ಟವಾಗುವುದು ‘ಯೇಸು ದೇವರು’ ಎಂಬ ಮಾತಲ್ಲ, ಆ ‘ಒಂದೇ ಸಲ’.

ಇನ್ನು ಹೊತ್ತಗೆ. ವೇದ ಎಂದಕೂಡಲೇ ನಮ್ಮ ತಲೆಯಲ್ಲಿ ಬರುವುದು ಮೀಮಾಂಸಕರ ವೇದ: ಅಪೌರುಷೇಯ, ಬರೆದವನಿಲ್ಲದ್ದು, ಸ್ವರ ತಪ್ಪಿದರೂ ದೋಷ. ಈ ನೆಲದಲ್ಲಿ ಅದಕ್ಕೆ ಎದುರು ಮಾತೂ ಇದೆ. ಮುರುಘಾಮಠ, ಸಿರಿಗೆರೆಗಳ ನೆರಳಲ್ಲಿ ಬೆಳೆದವರಿಗೆ, ಶರಣರು ವೇದವನ್ನು ಅನುಭವದ ಒರೆಗಲ್ಲಿಗೆ ಹಚ್ಚಿದ್ದನ್ನು ನಾನು ಹೇಳಬೇಕಿಲ್ಲ. ಅಂಥ ನೆಲದಲ್ಲಿ ಬೈಬಲ್ ‘ಸತ್ಯವೇದ’ವಾಗಿ ಬಂತು. ದಕ್ಷಿಣದಲ್ಲಿ ಈ ಮಾತಿಗೆ ಹಳೆಯ ಬೇರಿದೆ. ತಮಿಳುನಾಡಿನ ಹಳ್ಳಿಗಳಲ್ಲಿ ಕ್ರೈಸ್ತರಿಗೆ ‘ವೇದಕ್ಕಾರರ್’ ಎಂದೇ ಹೆಸರು. ಮಾತು ಗೌರವದ್ದೇ, ಆದರೆ ದಿಕ್ಕು ತಪ್ಪಿಸಿತು. ಏಕೆಂದರೆ ಈ ಹೊತ್ತಗೆಗೆ ಬರೆದವರಿದ್ದಾರೆ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ಕು ಹೆಸರಿನ ನಾಲ್ಕು ಸುವಾರ್ತೆಗಳು. ಮಾರ್ಕನಲ್ಲಿ ಯೇಸು ಹುಟ್ಟಿದ ಕಥೆಯೇ ಇಲ್ಲ. ಮತ್ತಾಯನ ವಂಶಾವಳಿ ಲೂಕನದಕ್ಕೆ ತಾಳೆಯಾಗುವುದಿಲ್ಲ. ಯೋಹಾನನು ಸೃಷ್ಟಿಗಿಂತ ಹಿಂದಿನಿಂದ ಶುರುಮಾಡುತ್ತಾನೆ. ವಂಚಕನಾದರೆ ನಾಲ್ಕನ್ನೂ ಕೂಡಿಸಿ ಒಂದು ಮಾಡುತ್ತಿದ್ದ. ಕ್ರೈಸ್ತಸಭೆ, ಅಂದರೆ ಚರ್ಚು, ನಾಲ್ಕನ್ನೂ ಹಾಗೇ ಇಟ್ಟುಕೊಂಡಿತು, ಸಾಕ್ಷಿಗಳನ್ನು ಇಟ್ಟುಕೊಳ್ಳುವ ಹಾಗೆ.

ನಮ್ಮ ಜಿಲ್ಲೆಯವರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಒಂದೇ ಶಾಸನ ಇದೆ. ಬಿ. ಎಲ್. ರೈಸ್ 1892ರಲ್ಲಿ ಅದನ್ನು ಬೆಳಕಿಗೆ ತಂದರು. ಒಂದು ಬಂಡೆಯಲ್ಲಿ ಸವೆದ ಅಕ್ಷರವನ್ನು ಇನ್ನೊಂದು ಬಂಡೆ ತುಂಬಿಕೊಡುತ್ತದೆ. ಬರೆದ ಚಪಡ ತನ್ನ ಹೆಸರನ್ನೂ ಕೆತ್ತಿ, ‘ಲಿಪಿಕಾರ’ ಎಂಬ ಅರ್ಥದ ಪದವನ್ನು ಬೇರೊಂದು ಲಿಪಿಯಾದ ಖರೋಷ್ಠಿಯಲ್ಲಿ ಬರೆದು ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡಿದ್ದಾನೆ. ಪ್ರತಿಗಳಲ್ಲಿ ವ್ಯತ್ಯಾಸ ಇದೆಯೆಂದು ಅಶೋಕನೇ ಇರಲಿಲ್ಲ ಎನ್ನುವವರುಂಟೇ? ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು ಐದು ಸಾವಿರಕ್ಕೂ ಮಿಕ್ಕಿವೆ. ಸಣ್ಣಪುಟ್ಟ ಪಾಠಾಂತರಗಳಿಗೆ ಲೆಕ್ಕವಿಲ್ಲ. ಸಣ್ಣದಲ್ಲದವೂ ಇವೆ, ಒಂದನ್ನು ಹೇಳುತ್ತೇನೆ. ಯೋಹಾನನ ಮೊದಲ ಪತ್ರದ ಐದನೇ ಅಧ್ಯಾಯದಲ್ಲಿ ತ್ರಿತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ಎಂಬುದನ್ನು, ಬಿಡಿಸಿ ಹೇಳುವ ಒಂದು ಸಾಲು ಹಳೆಯ ಗ್ರೀಕ್ ಪ್ರತಿಗಳಲ್ಲಿ ಇರಲಿಲ್ಲ. ವಿದ್ವಾಂಸ ಎರಾಸ್ಮಸ್ 1516ರ ತನ್ನ ಗ್ರೀಕ್ ಮುದ್ರಣದಲ್ಲಿ ಅದನ್ನು ಬಿಟ್ಟ. ಬೈಗುಳ ತಿಂದ. 1522ರ ಮುದ್ರಣದಲ್ಲಿ ಸೇರಿಸಿದ. ಈಗಿನ ವಿದ್ವಾಂಸರು, ಅವರಲ್ಲಿ ಬಹುಪಾಲು ಕ್ರೈಸ್ತರೇ, ಅದನ್ನು ಮತ್ತೆ ತೆಗೆದಿದ್ದಾರೆ. ತಮ್ಮ ನಂಬಿಕೆಗೆ ನೇರ ಆಧಾರವಾಗುತ್ತಿದ್ದ ಸಾಲನ್ನು ತಾವೇ ಕಿತ್ತುಹಾಕಿದ ಈ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. ನಮ್ಮ ವಚನ ಸಂಪುಟಗಳ ಸಂಪಾದಕರೂ ಪ್ರಕ್ಷಿಪ್ತಗಳ ಜೊತೆ ಗುದ್ದಾಡಿದವರೇ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ, ಪಾಠ ತಾಳೆ ನೋಡಿ 1924ರಲ್ಲಿ ಹೊರತಂದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಬೋಧಕರಾಗಿದ್ದರು ಎಂಬುದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಈ ಹೊತ್ತಗೆಗೆ ಪ್ರಮಾಣದ ಬಲ ಬಂದದ್ದೆಲ್ಲಿಂದ? 367ರಲ್ಲಿ, ಇವತ್ತಿನ ಹೊಸ ಒಡಂಬಡಿಕೆಯ 27 ಹೊತ್ತಗೆಗಳನ್ನೇ ಪಟ್ಟಿಮಾಡಿ ಪತ್ರ ಬರೆದವನು ಅದೇ ಗಡೀಪಾರಿನ ಅಥನೇಸಿಯಸ್. ಯೇಸು ಯಾರು ಎಂಬ ಜಗಳ, ಯಾವ ಹೊತ್ತಗೆ ಪ್ರಮಾಣ ಎಂಬ ಪ್ರಶ್ನೆ ಎರಡೂ ಒಬ್ಬನ ಮೇಜಿನ ಮೇಲೆ ಇದ್ದವು. ಕಥೋಲಿಕರು ಸಭೆಯೇ ಹೊತ್ತಗೆಯನ್ನು ಗುರುತಿಸಿತು ಎನ್ನುತ್ತಾರೆ, 73 ಎಣಿಸುತ್ತಾರೆ. ಪ್ರೊಟೆಸ್ಟಂಟರು ಹೊತ್ತಗೆಯೇ ಸಭೆಯನ್ನು ತೂಗುತ್ತದೆ ಎನ್ನುತ್ತಾರೆ, 66 ಎಣಿಸುತ್ತಾರೆ. ಎರಡು ಕಡೆಯವರೂ ಕೊನೆಗೆ ಬೆರಳು ತೋರಿಸುವುದು ವ್ಯಕ್ತಿಯ ಕಡೆಗೆ. ಯೋಹಾನನ ಮೊದಲ ಅಧ್ಯಾಯದಲ್ಲಿ ಕನ್ನಡದವರು ‘ವಾಕ್ಯ’ ಎಂದು ಅನುವಾದಿಸಿದ ಪದ ಹೊತ್ತಗೆಯನ್ನು ಹೇಳುವುದಿಲ್ಲ, ಕ್ರಿಸ್ತನನ್ನು ಹೇಳುತ್ತದೆ. ಅವರಿಗೆ ವೇದಕ್ಕೆ ಸಮನಾದದ್ದು ಕಾಗದವಲ್ಲ, ಆತ. ಅದಕ್ಕೇ ರಟ್ಟಿನ ಮೇಲಿನ ಹೆಸರು ಅರ್ಧ ಸರಿ, ಅರ್ಧ ತಪ್ಪು ಎನ್ನುತ್ತೇನೆ.

ವ್ಯಕ್ತಿಯನ್ನು ಬಿಟ್ಟು ಬೋಧನೆಯನ್ನಷ್ಟೇ ಇಟ್ಟುಕೊಳ್ಳಬಹುದಲ್ಲ? ರಾಜಾರಾಮ ಮೋಹನರಾಯರು 1820ರಲ್ಲಿ ಅದನ್ನೇ ಮಾಡಿದರು. ಪವಾಡ ಬಿಟ್ಟು, ನೀತಿಯನ್ನು ಆರಿಸಿ ಪುಸ್ತಕ ಮಾಡಿದರು. ಬಂಗಾಳದ ಶ್ರೀರಾಮಪುರದ ಮಿಷನರಿ ಮಾರ್ಷ್‌ಮನ್ ಮೂರು ವರ್ಷ ಅವರೊಡನೆ ಬರಹದಲ್ಲಿ ಹೋರಾಡಿದರು. ಈ ನಡುವೆ ರಾಯರ ಜೊತೆ ಕೂತು ಬೈಬಲ್ ಅನುವಾದಕ್ಕೆ ಕೈಹಾಕಿದ್ದ ವಿಲಿಯಂ ಆಡಮ್ ಎಂಬ ಮಿಷನರಿ ತ್ರಿತ್ವವನ್ನೇ ಕೈಬಿಟ್ಟರು. ನನಗೆ ರಾಯರ ಮೇಲೆ ಪ್ರೀತಿ ಇದೆ. ಆದರೆ ಅವರು ಬಿಟ್ಟದ್ದು ಸಿಪ್ಪೆಯಲ್ಲ ಎಂದು ಮಾರ್ಷ್‌ಮನ್ ಹೇಳಿದ್ದು ಕ್ರೈಸ್ತರ ದೃಷ್ಟಿಯಿಂದ ಸರಿಯೇ.

ಮತ್ತೆ ಶಬ್ದಕ್ಕೆ ಬರೋಣ. ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿಗೆ ಕೈಹಾಕಿದಾಗ ಅವರಿಗೆ ನಿಸಿಯಾಕ್ಕಿಂತ ದೊಡ್ಡ ತೊಡಕು ನಮ್ಮ ಕ್ರಿಯಾಪದ ಎಂದು ನನ್ನ ಊಹೆ. ಯೋಹಾನನ ಮೊದಲ ಅಧ್ಯಾಯದಲ್ಲಿ ‘ವಾಕ್ಯ’ವನ್ನು ದೇವರೆನ್ನುವ ಸಾಲಿನ ಇಂಗ್ಲಿಷಿನಲ್ಲಿ, ದೇವರೆಂಬ ಪದಕ್ಕೆ ಮೊದಲು ಒಂದು ‘ಎ’ ಇರಬೇಕೇ ಬೇಡವೇ ಎಂದು ಯೆಹೋವನ ಸಾಕ್ಷಿಗಳೆಂಬ ಪಂಥದವರೂ ಉಳಿದವರೂ ಇವತ್ತಿಗೂ ಕಾದಾಡುತ್ತಾರೆ. ಕನ್ನಡ ವಾಕ್ಯಕ್ಕೆ ಅಂಥ ‘ಎ’ ಬೇಕಾಗಿಲ್ಲ. ನಮ್ಮ ಜಗಳ ವಾಕ್ಯದ ತುದಿಯಲ್ಲಿ. ಸ್ವಾಮಿಗಳು ಬಂದರು, ಶಿವ ಬಂದನು. ಗುರುವಿಗೆ ಬಹುವಚನ, ದೇವರಿಗೆ ಏಕವಚನ. ಪ್ರೊಟೆಸ್ಟಂಟರ ಸತ್ಯವೇದದಲ್ಲಿ ಯೇಸು ‘ಹೇಳಿದನು’, ‘ಆತನು’. ಕಥೋಲಿಕರ ಅನುವಾದದಲ್ಲಿ ‘ಯೇಸುಸ್ವಾಮಿ’, ‘ಎಂದರು’. ಇಬ್ಬರ ನಂಬಿಕೆ ನಿಸಿಯಾದ್ದೇ, ಪ್ರತ್ಯಯ ಬೇರೆ.

ಹೊಸದುರ್ಗದಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆ ಒಬ್ಬ ಅಜ್ಜಿ ಇದ್ದರು, ಓದು ಬಾರದವರು. ಬೋಧಕರು ಬಂದರೆ ಸೆರಗು ಸರಿಮಾಡಿಕೊಂಡು ‘ಬರ್ರಿ ಅಯ್ನೋರೇ, ಕುಂತ್ಕಳ್ರಿ’ ಎನ್ನುತ್ತಿದ್ದರು. ರಾತ್ರಿ ದೀಪ ಆರಿಸಿದ ಮೇಲೆ ಗೋಡೆಯಾಚೆಯಿಂದ ಅದೇ ದನಿ ಕೇಳುತ್ತಿತ್ತು: ‘ಯೇಸಪ್ಪಾ, ಎಲ್ಲಿದೀಯೋ, ಬಾರೋ.’