ಸಿಹಿಗೆ ತಕ್ಕ ಜೊತೆ

ರಬಕವಿಯ ಕಡೆ ಹೋಳಿಗೆ ಮಾಡಿದ ಮನೆಯಲ್ಲಿ ಕಟ್ಟಿನ ಸಾರೂ ಕುದಿಯಲೇಬೇಕು. ಬೆಲ್ಲದ ಹೂರಣ ಮುಖ ಹೊಡೆಯದಂತೆ ಕಾಯುವುದು ಆ ಹುಳಿ-ಖಾರವೇ. ಫ್ರಾನ್ಸಿನವರ ಊಟದ ಲೆಕ್ಕವೂ ಬೇರೆಯಲ್ಲ.

ಬೋರ್ಡೊ ಸೀಮೆಯ ಸೊಟೆರ್ನ್, ಜೇನಿನಂತೆ ಸಿಹಿಯಾದ ಬಿಳಿ ವೈನು. ಸಿರಾನ್ ಹೊಳೆಯ ಮುಂಜಾವಿನ ಮಂಜಿಗೆ ಅಲ್ಲಿನ ದ್ರಾಕ್ಷಿಗೆ ಬೊಟ್ರೈಟಿಸ್ ಎಂಬ ಬೂಷ್ಟು ಹಿಡಿಯುತ್ತದೆ. ಬೇರೆ ತೋಟಗಳಲ್ಲಿ ಬೆಳೆ ಕೆಡಿಸುವ ಈ ಬೂಷ್ಟೇ ಇಲ್ಲಿ ವರ. ಅದು ಸಿಪ್ಪೆಯನ್ನು ತೂತಾಗಿಸುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೀರು ಆರಿ, ಹಣ್ಣಿನಲ್ಲಿ ಸಕ್ಕರೆ ಗಟ್ಟಿಯಾಗುತ್ತದೆ. ಜಮಖಂಡಿ ತಾಲ್ಲೂಕಿನ ರೈತರು ಒಣದ್ರಾಕ್ಷಿ ಮಾಡುವಾಗಲೂ ನೀರು ಕಳೆದೇ ಸಿಹಿ ಉಳಿಸುತ್ತಾರಲ್ಲವೇ?

ಈ ವೈನಿಗೆ ಒಪ್ಪುವ ಜೊತೆ ಕುರಿಹಾಲಿನ, ಉಪ್ಪುಪ್ಪಾದ ರೋಕ್‌ಫೋರ್ ಚೀಸು. ವೈನಿಗಿಂತ ಸಿಹಿಯಾದ ತಿಂಡಿ ಬಡಿಸಿದರೆ ವೈನೇ ಸಪ್ಪೆ. ಹೋಳಿಗೆಯ ಪಕ್ಕ ಸಾರಿಟ್ಟ ಅಜ್ಜಿಯರಿಗೆ ಈ ಮಾತು ಹೊಸದಲ್ಲ.