ಅಪಘಾತದ ನಂತರ ಬರುವ ದಂಡದ ಚೀಟಿ



ಈ ದಿನ ನಾವು ಮಾತನಾಡಬೇಕೆಂದಿರುವುದು ಕಥೆ ಕಾವ್ಯಗಳ ವಿಷಯವಲ್ಲ. ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ ಮೋಟಾರು ಅಪಘಾತವಾದ ಮೇಲೆ ನಮ್ಮವರ ಕೈಗೆ ಬರುವ ದಂಡದ ಚೀಟಿಯ ವಿಷಯ. ಈಗಂತೂ ಅದು ಇ-ಚಲನ್ ಎಂಬ ಹೆಸರಿನಿಂದ ಮೊಬೈಲಿಗೇ ಬಂದು ಬೀಳುತ್ತದೆ. ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವುದೇನು? ‘ಪರಊರು, ಭಾಷೆ ಸರಿಯಾಗಿ ಬಾರದು, ರಜೆ ಸಿಕ್ಕದು, ಸಾವಿರ ರೂಪಾಯಿ ಹೋದರೆ ಹೋಗಲಿ’ ಎಂದು ಕಟ್ಟಿಬಿಡುತ್ತಾರೆ. ತಪ್ಪು ನಮ್ಮದಾಗಿದ್ದರೆ ಕಟ್ಟುವುದೇ ಸರಿ. ತಪ್ಪಿಲ್ಲದೆ ಕಟ್ಟಿದವನು ಮಾತ್ರ ಸಾವಿರಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳಬಹುದು.

ಹೆಲ್ಮೆಟ್ ಇಲ್ಲದ್ದಕ್ಕೆ ಬಂದ ದಂಡ ಕಟ್ಟಿದರೆ ವಿಷಯ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಅಪಘಾತದ ಚೀಟಿ ಹಾಗಲ್ಲ. ಅದರಲ್ಲಿ 1988ರ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು ಇದೆಯೇ ಎಂದು ಮೊದಲು ನೋಡಬೇಕು. ಅಪಾಯಕರವಾಗಿ ಗಾಡಿ ನಡೆಸಿದನೆಂಬುದು ಅದರ ಅರ್ಥ. 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿಯವರೆಗೆ ದಂಡ, ಇಲ್ಲವೆ 6 ತಿಂಗಳಿಂದ 1 ವರ್ಷದ ಸೆರೆ, ಇಲ್ಲವೆ ಎರಡೂ. ಲೈಸನ್ಸನ್ನು ಹಿಡಿದಿಟ್ಟು, ಅದನ್ನು ಅಮಾನತು ಮಾಡಿಸಲು ಮೇಲಿನ ಅಧಿಕಾರಿಗೆ ಕಳಿಸುವ ಅಧಿಕಾರವೂ ಪೋಲೀಸರಿಗಿದೆ. ಗಾಡಿ ಓಡಿಸಿಯೇ ಅನ್ನ ತಿನ್ನುವವನಿಗೆ ಇದು ಸಣ್ಣ ಮಾತಲ್ಲ.

ಪೆಟ್ಟಾದವನಿಗೆ ಪರಿಹಾರ ಕೊಡಿಸುವ ಟ್ರಿಬ್ಯೂನಲ್ಲಿನಲ್ಲೂ ಪೋಲೀಸರ ಕಾಗದಕ್ಕೆ ತೂಕವುಂಟು. ಚಾರ್ಜ್‌ಶೀಟು ಅಜಾಗರೂಕತೆಗೆ ಮೇಲ್ನೋಟದ ಸಾಕ್ಷ್ಯವಾಗಿ ಸಾಕು ಎಂದು ಕೇರಳ ಹೈಕೋರ್ಟು 2011ರಲ್ಲಿ ಹೇಳಿದೆ. ಅದು ಕಡೆಯ ಮಾತಲ್ಲ, ಎದುರು ಸಾಕ್ಷ್ಯ ಕೊಡಬಹುದು. ಆದರೆ ಕೊಡುವ ಭಾರ ನಮ್ಮ ಹೆಗಲಿಗೆ ಬೀಳುತ್ತದೆ. ದಂಡ ಕಟ್ಟಿ ತಪ್ಪೊಪ್ಪಿಕೊಂಡ ಕಾಗದವೊಂದಿದ್ದರೆ ಎದುರು ಪಕ್ಷದ ವಕೀಲರು ಅದನ್ನು ಎತ್ತಿ ತೋರಿಸದೆ ಬಿಡುವರೇ? ಕಾಲು ಮುರಿದುಕೊಂಡವನು ನಮ್ಮವನೇ ಆಗಿದ್ದರೂ ‘ತಪ್ಪು ನಿನ್ನದೇ’ ಎಂಬ ಮಾತು ಅಲ್ಲಿ ಕೇಳಬೇಕಾದೀತು.

ಹಾಗೆಂದು ಎಲ್ಲ ಚೀಟಿಗೂ ತಕರಾರು ಹೂಡಬೇಕೆಂದು ನಾವು ಹೇಳುವುದಿಲ್ಲ. ವೈಟ್ಟಿಲದ ಮೇಲ್ಸೇತುವೆಯ ಕೆಳಗೆ ಸಂಜೆ ಗಾಡಿಗಳು ಒಂದಕ್ಕೊಂದು ತಾಗಿಕೊಂಡೇ ಸಾಗುತ್ತವೆ. ಮುಂದಿನವನು ಫಕ್ಕನೆ ಬ್ರೇಕು ಹಾಕಿದ, ಹಿಂದಿದ್ದ ನಮ್ಮವನು ಗುದ್ದಿದ ಎಂದಿಟ್ಟುಕೊಳ್ಳೋಣ. ‘ಅವನೇಕೆ ನಿಲ್ಲಿಸಿದ?’ ಎಂಬ ವಾದ ನಿಲ್ಲುವುದು ಕಷ್ಟ. ಲಾರಿಯ ಹಿಂದೆ 10–15 ಅಡಿ ಅಂತರದಲ್ಲಿ ಬರುತ್ತಿದ್ದ ಕಾರಿನ ವಿಷಯದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ, ಅಷ್ಟು ಅಂತರ ಸಾಲದು, ಹಿಂದಿನವನದೇ ತಪ್ಪು ಎಂದು ತೀರ್ಮಾನಿಸಿತು. ಅದೇ ನ್ಯಾಯದಿಂದ, ಹಿಂದಿನಿಂದ ಬಸ್ಸು ಬಂದು ನಮ್ಮವನ ಗಾಡಿಗೆ ಗುದ್ದಿದ್ದು, ಚೀಟಿ ಮಾತ್ರ ನಮ್ಮವನ ಹೆಸರಿಗೆ ಬಂದಿದ್ದರೆ, ಸುಮ್ಮನಿರಬಾರದು.

ಆದರೆ ಬಾಯಿಮಾತು ನಡೆಯದು. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವುದು ಮೊದಲ ಕೆಲಸ. 134ನೆಯ ಕಲಮಿನಂತೆ ಅದು ಚಾಲಕನ ಕರ್ತವ್ಯವೂ ಹೌದು. ನಂತರ ಗಾಡಿ ಸರಿಸುವ ಮುಂಚೆಯೇ ಚಕ್ರ ನಿಂತ ಜಾಗ, ಬ್ರೇಕಿನ ಗುರುತು, ಗಾಜಿನ ಚೂರು ಬಿದ್ದಲ್ಲಿ, ರಸ್ತೆಯ ಗೆರೆ ಇವುಗಳ ಫೋಟೋ ತೆಗೆಯಬೇಕು. ಚಹದಂಗಡಿಯವನು ಕಂಡಿದ್ದರೆ ಅವನ ಹೆಸರು, ನಂಬರು ಕೇಳಿಕೊಳ್ಳಬೇಕು. ಅಂಗಡಿಗಳ ಕ್ಯಾಮರಾದಲ್ಲಿ ಹಳೆಯ ಚಿತ್ರದ ಮೇಲೆ ಹೊಸದು ಕೂತುಬಿಡುತ್ತದೆ. ಅದನ್ನು ತೆಗೆದಿಡಿರೆಂದು ಅಂದೇ ಬರೆದುಕೊಡಬೇಕು. ಠಾಣೆಯ ಜನರಲ್ ಡೈರಿಯಲ್ಲಿ ನಮೂದಾದ ಅಪಘಾತದ ವಿವರ ಕೇರಳ ಪೋಲೀಸರ ‘ತುಣ’ ಎಂಬ ಜಾಲತಾಣದಲ್ಲಿ ಸಿಕ್ಕುತ್ತದೆ. ಇಲ್ಲಿಯವರು ಅದನ್ನು ಜಿ.ಡಿ. ಎಂಟ್ರಿ ಎನ್ನುತ್ತಾರೆ. ಸ್ಥಳದ ಮಹಜರಿನಲ್ಲಿ ಗಾಡಿ ರಸ್ತೆಯ ಯಾವ ಬದಿಯಲ್ಲಿತ್ತೆಂದು ಬರೆದಿದೆ ಎಂಬುದನ್ನೂ ನೋಡಬೇಕು.

ಸಾಕ್ಷ್ಯ ಎಷ್ಟು ಬೇಗ ಆರಿಹೋಗುತ್ತದೆಂಬುದಕ್ಕೆ ತಿರುವನಂತಪುರದ ಉದಾಹರಣೆಯೇ ಇದೆ. 2019ರ ಆಗಸ್ಟ್ 3ರ ನಡುರಾತ್ರಿ ಕಳೆದ ಮೇಲೆ ಪತ್ರಕರ್ತ ಕೆ. ಎಂ. ಬಷೀರ್ ಅವರು ಕಾರು ಬಡಿದು ತೀರಿಕೊಂಡರು. ಆರೋಪ ಬಂದದ್ದು ಒಬ್ಬ ಐ.ಎ.ಎಸ್. ಅಧಿಕಾರಿಯ ಮೇಲೆ. ಅವರ ರಕ್ತ ಪರೀಕ್ಷೆಗೆ ತೆಗೆದದ್ದು ಎಷ್ಟೋ ತಾಸು ತಡವಾಗಿ. ಅದರಲ್ಲಿ ಮದ್ಯದ ಅಂಶ ಕಾಣಲಿಲ್ಲ. ಕುಡಿದಿದ್ದರೋ ಇಲ್ಲವೋ ಎಂಬ ವಾದ ಅದರಿಂದ ವರ್ಷಗಟ್ಟಲೆ ಎಳೆಯಿತು. ಆ ಖಟ್ಲೆಯ ತೀರ್ಪು ಹೇಳುವವರು ನಾವಲ್ಲ. ನಮ್ಮವನ ಮೇಲೆ ಕುಡಿದನೆಂಬ ಸಂಶಯ ಸುಮ್ಮಸುಮ್ಮನೆ ಬಂದರೆ ‘ಈಗಲೇ ಪರೀಕ್ಷೆ ಮಾಡಿಸಿರಿ’ ಎಂದು ಅವನೇ ಕೇಳಿಕೊಳ್ಳುವುದು ಲೇಸು.

ಇನ್ನು ಸಹಿಯ ಮಾತು. ತನಿಖೆಯಲ್ಲಿ ಪೋಲೀಸರಿಗೆ ಕೊಟ್ಟ ಹೇಳಿಕೆಗೆ, ಅವರು ಬರೆದುಕೊಂಡರೂ, ಹೇಳಿದವನ ಸಹಿ ಬೇಡವೆಂದು ಕಾಯಿದೆಯೇ ಹೇಳುತ್ತದೆ. ಬೇರೆ ಕಾಗದಗಳಿಗೆ, ಅವು ಮಲೆಯಾಳದಲ್ಲಿದ್ದರೆ, ಓದಿಸಿ ಅರ್ಥ ತಿಳಿದ ಮೇಲೆ ಸಹಿ ಹಾಕಿರಿ. ಅವಸರ ಮಾಡುವವರು ಮಾಡಲಿ.

ತಕರಾರು ಹೇಗೆ ಹೂಡುವುದು? ಇ-ಚಲನಿನ ದಂಡ ಕಟ್ಟದಿದ್ದರೆ ಅದು ವರ್ಚುವಲ್ ಕೋರ್ಟಿಗೆ ಹೋಗುತ್ತದೆ. ಆ ಜಾಲತಾಣದಲ್ಲಿ ದಂಡ ಕಟ್ಟುವುದು, ಇಲ್ಲವೆ ಪ್ರತಿವಾದಿಸುವುದು ಎಂದು ಎರಡು ದಾರಿ ಇರುತ್ತವೆ. ಎರಡನೆಯದನ್ನು ಹಿಡಿದರೆ ಖಟ್ಲೆ ಆ ಜಾಗದ ಮ್ಯಾಜಿಸ್ಟ್ರೇಟರ ಕೋರ್ಟಿಗೆ ವರ್ಗವಾಗುತ್ತದೆ. ಅಲ್ಲಿ ತಪ್ಪಿತಸ್ಥನಲ್ಲವೆಂದು ಹೇಳಿ, ಸಾಕ್ಷಿಗಳನ್ನು ಪ್ರಶ್ನಿಸಬಹುದು. ತಪ್ಪನ್ನು ರುಜುವಾತು ಮಾಡುವ ಭಾರ ಸರ್ಕಾರದ ಕಡೆಯದು. ಕರೆದ ದಿನ ತಪ್ಪದೆ ಹಾಜರಾಗಬೇಕು, ವಾಯಿದೆಯ ಮೇಲೆ ವಾಯಿದೆ ಬಿದ್ದು ಸಂಬಳ ಕಡಿತವೂ ಆದೀತು, ಅದನ್ನು ಮರೆಮಾಚುವುದಿಲ್ಲ. ಯಾರಿಗಾದರೂ ಪೆಟ್ಟಾಗಿ ಎಫ್.ಐ.ಆರ್. ಆಗಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ ಪ್ರತ್ಯೇಕ ಮೊಕದ್ದಮೆ. ಚೀಟಿಯ ದಂಡ ಕಟ್ಟಿದ ಮಾತ್ರಕ್ಕೆ ಅದು ತೀರದು. ಅದಕ್ಕೆ ವಕೀಲರು ಬೇಕೇ ಬೇಕು.

ಭಾಷೆಯ ಭಯವೂ ಅಷ್ಟು ಬೇಡ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಕೋರ್ಟಿನಲ್ಲೇ ಹೇಳಿಸಬೇಕು. ಇದು ಅವನ ಹಕ್ಕು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ರಾಜ್ಯದ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿಗೂ ಇಲಾಖೆಯ ಮುಖ್ಯಸ್ಥರಿಗೂ ಕನ್ನಡದಲ್ಲೇ ಬರೆಯಬಹುದು. ಸ್ಥಳೀಯ ಕಛೇರಿಗಳಲ್ಲಿ ಈ ಅನುಕೂಲವಿರುವುದು ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಘೋಷಿಸಿದ ಕಡೆ ಮಾತ್ರ. ಕಾಸರಗೋಡಿನ ಬಂಧುಗಳಿಗೆ ಒದಗುವುದು ಎರ್ನಾಕುಲದ ಠಾಣೆಯಲ್ಲಿ ನಮಗೆ ಒದಗದು.

ವಕೀಲರ ಫೀಜಿಗೆ ಹೆದರುವವರು ಕೇಳಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಕೈಗಾರಿಕಾ ಕಾರ್ಮಿಕರು, ಹೆಂಗಸರು, ಪರಿಶಿಷ್ಟ ಜಾತಿ ವರ್ಗದವರು, ವರಮಾನ ಕಡಿಮೆಯಿರುವವರು ಇವರಿಗೆಲ್ಲ ಧರ್ಮಾರ್ಥ ವಕೀಲರ ನೆರವುಂಟು. ರಾಜ್ಯ ಪ್ರಾಧಿಕಾರದ ಕಛೇರಿ ಕೊಚ್ಚಿಯಲ್ಲೇ, ಹೈಕೋರ್ಟಿನ ಆವರಣದಲ್ಲಿದೆ. ತಿರುವನಂತಪುರದವರು ವಂಚಿಯೂರಿನ ಕೋರ್ಟುಗಳ ಬಳಿ ಜಿಲ್ಲಾ ಪ್ರಾಧಿಕಾರವನ್ನು ವಿಚಾರಿಸಬಹುದು. ಹೋಗುವಾಗ ಚೀಟಿ, ಲೈಸನ್ಸು, ಇನ್ಷೂರೆನ್ಸು, ಜಿ.ಡಿ. ಎಂಟ್ರಿ, ಫೋಟೋಗಳು, ಮಿಲ್ಲಿನ ಗುರುತಿನ ಚೀಟಿ ಎಲ್ಲವೂ ಕೈಯಲ್ಲಿರಲಿ. ಪೆಟ್ಟಾಗಿದ್ದರೆ ಟ್ರಿಬ್ಯೂನಲ್ಲಿನ ಪರಿಹಾರದ ಅರ್ಜಿಯನ್ನೂ ಅಂದೇ ಕೇಳಿರಿ. ತಿದ್ದುಪಡಿಯಾದ ಕಾಯಿದೆ ಅದಕ್ಕೆ ಅಪಘಾತದ ದಿನದಿಂದ 6 ತಿಂಗಳ ಗಡುವು ಇಟ್ಟಿದೆ.