ಕಡಲಿನಿಂದ ಜೋಗಕ್ಕೆ ಒಂದು ಹಗಲು
(ಹಿಮಾಯತ್‌ನಗರದಲ್ಲಿ ನಡೆದ ನಮ್ಮ ಸಂಘದ ಕೂಟದಲ್ಲಿ ಮಾಡಿದ ಭಾಷಣ)



ಪ್ರವಾಸದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಸಾಹಿತಿಯಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುವ ಗುಮಾಸ್ತ. ಆದುದರಿಂದ ಕಂಡದ್ದನ್ನು ಕಂಡ ಹಾಗೆ ಒಪ್ಪಿಸುತ್ತೇನೆ.

ನಮ್ಮಲ್ಲಿ ಬಹುಮಂದಿ ಕಲಬುರ್ಗಿ, ರಾಯಚೂರು, ಬೀದರ ಕಡೆಯವರು. ರಜೆ ಬಂದಿತೆಂದರೆ ಊರಿಗೆ ಹೋಗುತ್ತೇವೆ. ಮದುವೆಯೋ ಜಾತ್ರೆಯೋ ಮುಗಿಸಿ ಮರಳುತ್ತೇವೆ. ಇದರ ಫಲವೇನೆಂದರೆ, ಇಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡವೆಂದರೆ ಅಜ್ಜಿಯ ಸಂಗಡ ಅಡಿಗೆಮನೆಯಲ್ಲಿ ಆಡುವ ಮಾತು. ಹೊಸ್ತಿಲು ದಾಟಿದರೆ ತೆಲುಗು, ಹಿಂದಿ, ಇಂಗ್ಲಿಷು. ಒಂಬತ್ತು ವರ್ಷದ ನನ್ನ ಮಗಳು ಒಮ್ಮೆ ಕೇಳಿಯೇ ಬಿಟ್ಟಳು: “ಅಪ್ಪಾ, ನಮಗ ಗೊತ್ತಿಲ್ಲದವರೂ ಕನ್ನಡ ಮಾತಾಡ್ತಾರೇನು?” ಇದಕ್ಕೆ ಬಾಯಿಮಾತಿನ ಉತ್ತರ ಸಾಲದೆಂದು ತೋರಿತು. ಕಳೆದ ದಸರೆಯ ರಜೆಯಲ್ಲಿ ಊರಿನ ದಾರಿ ಬಿಟ್ಟು ಕಡಲಿನ ಕಡೆಗೆ ಹೊರಟೆವು.

ಹುಬ್ಬಳ್ಳಿಯವರೆಗೆ ರೈಲು. ಅಲ್ಲಿ ಒಂದು ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿದ್ದೆವು. ಒಳಗೆ ಮಲಗಲು ಎರಡು ಉದ್ದನೆಯ ಬೆಂಚು, ಒಂದು ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು. ಪರದೇಶಗಳಲ್ಲಿ ಇಂಥ ಮನೆ-ಗಾಡಿಯಲ್ಲಿ ಸಂಸಾರಸಮೇತ ತಿಂಗಳುಗಟ್ಟಲೆ ತಿರುಗುವವರಿದ್ದಾರಂತೆ. ನನ್ನ ತಾಯಿ ಮಾತ್ರ ಒಂದು ಸಲ ಇಣುಕಿ ನೋಡಿ, “ಎತ್ತಿಲ್ಲದ ಕೊಲ್ಲಾರಿ ಬಂಡಿ” ಎಂದುಬಿಟ್ಟರು. ಅದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆದಿಲ್ಲ.

ರಾತ್ರಿ ಗೋಕರ್ಣದಲ್ಲಿ ತಂಗಿ, ಬೆಳಿಗ್ಗೆ ಕಡಲಿಗೆ ಕೈಮುಗಿದು ಹೊರಟೆವು. ಗೋಕರ್ಣದಿಂದ ಕುಮಟೆ, ಹೊನ್ನಾವರ, ಗೇರುಸೊಪ್ಪೆಯ ಮೇಲೆ ಜೋಗಕ್ಕೆ ಸುಮಾರು 110 ಕಿಲೋಮೀಟರು. ಮೊದಲರ್ಧ ಕಡಲಿನ ಮಗ್ಗುಲು, ಆಮೇಲೆ ಹೊಳೆಯ ಮಗ್ಗುಲು, ಕೊನೆಗೆ ಕಾಡು. ಮಿರ್ಜಾನಿನ ಕೋಟೆಯನ್ನು ನೋಡಿ ಅಘನಾಶಿನಿಯನ್ನು ದಾಟಿದೆವು. ಈ ನದಿಗೆ ಇಂದಿಗೂ ಎಲ್ಲಿಯೂ ಅಣೆಕಟ್ಟಿಲ್ಲ. ಇದರ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಉಪ್ಪುನೀರನ್ನು ತಾಳಿಕೊಂಡು ಬೆಳೆಯುತ್ತದೆ. ಜೋಳದ ಸೀಮೆಯವರಾದ ನಮಗೆ ಇದೊಂದು ಪವಾಡವೇ ಸರಿ. ತಾಯಿ ಸೇತುವೆಯ ಮೇಲಿಂದ ನೋಡಿ, “ಇದಕ್ಕ ಬರೇ ಹೊಳಿ ಅಂತಾರೇನು? ನಮ್ಮ ಕಡಿ ಇಷ್ಟು ನೀರು ಕಂಡ್ರ ಕಾಯಿ ಒಡೀತಿದ್ರು” ಎಂದರು.

ಕುಮಟೆಯ ಹತ್ತಿರ ಎಳನೀರು ಮಾರುತ್ತಿದ್ದ ಮುದುಕಿ ನನ್ನ ಮಗಳನ್ನು “ಎಂತ ಬೇಕು ತಂಗೀ?” ಎಂದು ಕೇಳಿದಳು. ಇವಳು “ಒಂದಕ್ಕ ಎಷ್ಟ್ರೀ?” ಎಂದಳು. ಆ ಕನ್ನಡಕ್ಕೆ ಮುದುಕಿ ನಕ್ಕಳು, ಮುದುಕಿಯ ಕನ್ನಡಕ್ಕೆ ಇವಳು ನಕ್ಕಳು, ವ್ಯಾಪಾರವೇನೋ ಸಾಂಗವಾಗಿ ನಡೆಯಿತು. ಗೊತ್ತಿಲ್ಲದವರೂ ಕನ್ನಡ ಆಡುತ್ತಾರೆಂದು ನಾನು ಮತ್ತೆ ಹೇಳಬೇಕಾಗಲಿಲ್ಲ.

ಅಲ್ಲಿಂದ ಮುಂದೆ ಅವಳು ಕಿಟಕಿ ಬಿಡಲಿಲ್ಲ. ಬಂದ ಬಂದ ಫಲಕಗಳನ್ನೆಲ್ಲ ಓದತೊಡಗಿದಳು. ಶಾಲೆಯಲ್ಲಿ ತೆಲುಗು ಕಲಿತ ಮಗುವಿಗೆ ನಮ್ಮ ಲಿಪಿ ನೆರೆಮನೆಯಷ್ಟು ಹತ್ತಿರ. ಹೊನ್ನಾವರದಲ್ಲಿ ‘ಶರಾವತಿ’ ಎಂಬಲ್ಲಿ ಮಾತ್ರ ಮೊದಲಕ್ಷರಕ್ಕೂ ಕೊನೆಯಕ್ಷರಕ್ಕೂ ಎಡವಿದಳು. ಶ ಮತ್ತು ತ ತೆಲುಗಿನಲ್ಲಿ ಬೇರೆ ರೂಪದವು. ಅಷ್ಟರಲ್ಲಿ ಪಕ್ಕದ ರೈಲುಸೇತುವೆ ಕಾಣಿಸಿತು. ಕೊಂಕಣ ರೈಲುಮಾರ್ಗದಲ್ಲಿ ಎಲ್ಲಕ್ಕಿಂತ ಉದ್ದವಾದ, ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆ ಅದು.

ಹೊನ್ನಾವರದಲ್ಲಿ ಕಡಲಿಗೆ ಬೆನ್ನು ಮಾಡಿ ಹೊಳೆಯ ಜೊತೆಗೆ ಮೇಲಕ್ಕೆ ತಿರುಗಬೇಕು. ಹಿಂದಿನ ಕಾಲದಲ್ಲಿ ಜೋಗ ನೋಡುವವರು ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬರುತ್ತಿದ್ದರು. 16ನೆಯ ಶತಮಾನದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಅವಳ ರಾಜಧಾನಿಯ ಚತುರ್ಮುಖ ಬಸದಿ ಈಗ ಕಾಡಿನೊಳಗೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿದೆ. ಅದಾದ ಮೇಲೆ ಘಟ್ಟ. ಇದು ಸಿಂಗಳೀಕಗಳ ಕಾಡು. ನಮಗೆ ಅವು ದರ್ಶನ ಕೊಡಲಿಲ್ಲ, ಸಾಮಾನ್ಯ ಮಂಗಗಳು ಮಾತ್ರ ಬಾಳೆಹಣ್ಣಿನ ಲೆಕ್ಕ ಚುಕ್ತಾ ಮಾಡಿದವು.

ಸಂಜೆ ನಾಲ್ಕಕ್ಕೆ ಜೋಗ. ಎತ್ತರ 253 ಮೀಟರು. ನಾಲ್ಕು ಚಾರ್ಮಿನಾರುಗಳನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ಆಚೆ ದಂಡೆಯ ಬಂಗಲೆಗೆ ಬಾಂಬೆ ಬಂಗಲೆ ಎಂಬ ಹೆಸರು. 1956ರವರೆಗೆ ಹೊಳೆಯ ಆ ದಂಡೆ ಮುಂಬಯಿ ರಾಜ್ಯ, ಈ ದಂಡೆ ಮೈಸೂರು, ನಮ್ಮ ಕಲಬುರ್ಗಿ ಹೈದರಾಬಾದ್ ರಾಜ್ಯ. ಆ ವರ್ಷದ ನವೆಂಬರ್ 1ರಂದು ಮೂರೂ ಒಂದಾದವು. ನಾವು ಪ್ರತಿವರ್ಷ ಬಾವುಟ ಏರಿಸುವುದು ಆ ದಿನಕ್ಕೇ. ಆದರೂ ಒಟ್ಟಿಗೆ ಸೇರಿದ ಈ ಕಡಲಿನವರನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ.

ಅಂದು ಧಾರೆ ತೆಳ್ಳಗಿತ್ತು. ಉಳಿದ ನೀರೆಲ್ಲಿ ಎಂದು ಮಗಳು ಕೇಳಿದಳು. ಮೇಲೆ ಲಿಂಗನಮಕ್ಕಿಯಲ್ಲಿ ಕಟ್ಟಿ ನಿಲ್ಲಿಸಿದ್ದಾರೆ, ಅದರಿಂದಲೇ ವಿದ್ಯುತ್ತು, ಎಂದೆ. ಅಷ್ಟು ಹೊತ್ತೂ ಹೆಚ್ಚು ಮಾತಾಡದಿದ್ದ ನಮ್ಮ ಚಾಲಕರು, ಸಾಗರದ ಕಡೆಯವರು, ಆಗ ಬಾಯಿಬಿಟ್ಟರು. 1964ರಲ್ಲಿ ಆ ಕಟ್ಟೆ ಮುಗಿದಾಗ ಮುಳುಗಿದ ಹಳ್ಳಿಗಳಲ್ಲಿ ಅವರ ಅಜ್ಜನ ಹಳ್ಳಿಯೂ ಒಂದು. 1948ರ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನೊಳಗೆ ಹೋಯಿತು.

“ನಿಮಗೆ ಊರು ನೆನಪಾದ್ರೆ ಟಿಕೆಟು ತಗೊಂಡು ರೈಲು ಹತ್ತುತ್ತೀರಿ ಸಾರ್. ನಮ್ಮಜ್ಜ ಬೇಸಿಗೇಲಿ ನೀರು ಇಳಿಯೋದನ್ನೇ ಕಾಯ್ತಿದ್ದರು. ಕೆಲವು ವರ್ಷ ಅಂಗಳ ಕಾಣ್ತಿತ್ತು, ಕೆಲವು ವರ್ಷ ಇಲ್ಲ” ಎಂದರು.

ನಾವು ಸುಮ್ಮನಾದೆವು. ತಾಯಿ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮೊದಲು ಅವರಿಗೆ ಕೊಟ್ಟರು.

ಇನ್ನು ವ್ಯವಹಾರದ ಮಾತು. ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾದೀತು, ನಿಂಬೆಹಣ್ಣು ಜೊತೆಗಿರಲಿ. ಧಾರೆ ತುಂಬಿ ಬೀಳುವುದನ್ನೇ ನೋಡಬೇಕೆನ್ನುವವರು ಮಳೆಗಾಲದಲ್ಲಿ ಹೋಗಬೇಕು, ಆದರೆ ಆಗ ಕಡಲು ಒರಟು. ಮೂರು ಮನೆಯವರು ಸೇರಿದರೆ ಬಾಡಿಗೆ ಹಗುರವಾಗುತ್ತದೆ. ಬರುವ ಸಂಕ್ರಾಂತಿಗೆ ಹೊರಡುವ ಮನಸ್ಸಿದ್ದವರು ಕೂಟ ಮುಗಿದ ಮೇಲೆ ನನ್ನನ್ನು ಕಾಣಿರಿ. ಆ ಚಾಲಕರ ನಂಬರು ನನ್ನಲ್ಲಿದೆ.